ಅಪ್‌ಡೇಟ್: ಮಗನ ಮೊಬೈಲ್ ಗೇಮ್ ಚಟ, ನಾಲ್ಕು ತಿಂಗಳ ನಂತರ

ರಾತ್ರಿ ಎರಡರವರೆಗೂ ಮೊಬೈಲ್ ಗೇಮ್ ಆಡುವ ಹದಿನಾರರ ಮಗನನ್ನು ಬಿಡಿಸುವುದು ಹೇಗೆಂದು ಕೇಳಿದ್ದೆ. ನಿಮ್ಮ ಸಲಹೆಯಂತೆ, ತಂತ್ರಜ್ಞಾನದ ಅತಿಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಶಟ್ ಕ್ಲಿನಿಕ್‌ಗೆ ಕರೆದೊಯ್ದೆವು. ಆಡಬೇಕೆಂಬ ತುಡಿತವನ್ನು ಹತ್ತಿಕ್ಕದೆ, ಬೆರಳು ಚಡಪಡಿಸುವುದನ್ನೂ ಉಸಿರು ಬಿಗಿಯುವುದನ್ನೂ ಸುಮ್ಮನೆ ಗಮನಿಸುತ್ತಾ, ಅದು ಅಲೆಯಂತೆ ಏರಿ ಇಳಿಯುವವರೆಗೆ ಕೂರುವ ಅಭ್ಯಾಸವನ್ನು ಆಪ್ತಸಮಾಲೋಚಕರು ಕಲಿಸಿದರು. ಮೊದಲ ವಾರ ಅವನು ಎರಡು ನಿಮಿಷವೂ ಕೂರಲಿಲ್ಲ (ನಾನೂ ಕೂರಲಿಲ್ಲವೆನ್ನಿ).

ಖಾಲಿಯಾದ ಸಂಜೆಗಳಿಗೆಂದು ಅಜ್ಜಿ ಅಟ್ಟದಿಂದ ಅಳಗುಳಿಮಣೆ ಇಳಿಸಿದರು. ಹದಿನಾಲ್ಕು ಗುಳಿಗಳಿಗೆ ಹುಣಸೆಬೀಜ ಹಂಚುತ್ತಾ ಸೋತರೆ ಈಗಲೂ ಸಿಡುಕುತ್ತಾನೆ, ಆದರೆ ಆಟ ಮುಗಿದೊಡನೆ ಎದ್ದುಹೋಗುತ್ತಾನೆ, ಏಕೆಂದರೆ ಮಣೆಗೆ ಮುಂದಿನ ಲೆವೆಲ್ ಎಂಬುದಿಲ್ಲ. ಮೊಬೈಲ್ ಗೇಮ್ ಪೂರ್ತಿ ನಿಂತಿಲ್ಲ. ಪರೀಕ್ಷೆ ಮುಗಿದ ವಾರ ಮತ್ತೆ ರಾತ್ರಿ ಒಂದಾಗಿತ್ತು. ಸದ್ಯ ದಿನಕ್ಕೊಂದು ಗಂಟೆಗೆ ಒಪ್ಪಿದ್ದಾನೆ, ಮಲಗುವ ಹೊತ್ತಿಗೆ ಮೊಬೈಲ್ ಅಡುಗೆಮನೆಯ ಕಪಾಟು ಸೇರುತ್ತದೆ.