ಫಿಟ್ಸ್ ನಿಂತಿದೆ, ಆದ್ರೆ ತಮ್ಮ ಮೊದಲಿನ ಥರ ಇಲ್ಲ

ತುಮಕೂರಕ್ಕ:
ನನ್ನ ತಮ್ಮನಿಗೆ ಚಿಕ್ಕ ವಯಸ್ಸಿಂದ ಫಿಟ್ಸ್, ಎಷ್ಟು ಥರ ಮಾತ್ರೆ ಕೊಟ್ರೂ ನಿಲ್ತಿರ್ಲಿಲ್ಲ. ಎಂಆರ್‌ಐ, ವಿಡಿಯೋ ಇಇಜಿ (ವಿಡಿಯೋ ತೆಗೀತಾ ಮೆದುಳಿನ ವಿದ್ಯುತ್ ಅಲೆ ನೋಡೋ ಟೆಸ್ಟ್) ಎಲ್ಲಾ ಮಾಡಿ ಎಡಗಡೆ ಟೆಂಪೊರಲ್ ಲೋಬಿಂದ, ಅಂದ್ರೆ ಕಿವಿ ಹತ್ರ ಇರೋ ಮೆದುಳಿನ ಭಾಗದಿಂದ ಬರ್ತಿದೆ ಅಂತ ಗೊತ್ತಾಗಿ ದೀಪಾವಳಿ ಮುಗಿದ್ಮೇಲೆ ಆಪರೇಷನ್ ಮಾಡಿದ್ರು. ಅವತ್ತಿಂದ ಒಂದು ಫಿಟ್ಸೂ ಬಂದಿಲ್ಲ, ದೇವರ ದಯೆ. ಆದ್ರೆ ಸುಮ್ಸುಮ್ನೆ ರೇಗ್ತಾನೆ, ಆಮೇಲೆ ಒಬ್ಬನೇ ಕೂತು ಅಳ್ತಾನೆ, ಎದುರಿಗಿರೋ ಸೌಟಿನ ಹೆಸರು ಹೊಳೆಯಲ್ಲ "ಅದೇ, ಸಾರು ಬಡಿಸೋದು" ಅಂತಾನೆ, ಬಾಯಿ ಪೂರ್ತಿ ತೆಗೆಯೋಕಾಗಲ್ಲ, ಮುದ್ದೆ ಆದ್ರೆ ನುಂಗ್ತಾನೆ ಚಪಾತಿ ಅಗಿಯೋಕೆ ನೋವು. ಮನೇಲಿ ಎಲ್ರೂ ಫಿಟ್ಸ್ ಹೋಯ್ತಲ್ಲ, ಕೆಲಸಕ್ಕೆ ಹೋಗ್ಲಿ ಅಂತಾರೆ. ಅಪ್ಪ ಅಂತೂ ಇನ್ನೂ ಮಾತ್ರೆ ಯಾಕೆ ಅಂತ ದಿನಾ ಕೇಳ್ತಾರೆ. ಇದನ್ನ ದಾಟಿದೋರು ಯಾರಾದ್ರೂ ಇದೀರಾ?

ಮಲೆನಾಡ ಹುಡುಗ:
ಅಕ್ಕಾ, ನಂದೂ ಎಡಗಡೆನೇ ಆಗಿದ್ದು. ಅಗಿಯೋ ಸ್ನಾಯು ಕಣತಲೆ ಹತ್ರ ಇರುತ್ತೆ, ಅದನ್ನ ಬಿಡಿಸಿ ಮೂಳೆ ತೆಗೀತಾರೆ, ಅದಕ್ಕೇ ದವಡೆ ಬಿಗಿ. ನಿಧಾನಕ್ಕೆ ಬಿಡುತ್ತೆ, ಡಾಕ್ಟರ್ ಹೇಳಿಕೊಟ್ಟ ಬಾಯಿ ವ್ಯಾಯಾಮ ಬಿಡಬಾರದು. ಹೆಸರು ಮರೆಯೋದು ತುಂಬಾ ಜನಕ್ಕೆ ಆಗುತ್ತೆ, ಯಾಕಂದ್ರೆ ಹೆಚ್ಚಿನೋರಿಗೆ ಮಾತು ಇರೋದೇ ಮೆದುಳಿನ ಎಡಗಡೆ. ನಂಗೆ ಸುಮಾರು ವಾಪಸ್ ಬಂತು, ಪೂರ್ತಿ ಬಂದಿಲ್ಲ, ಈಗ್ಲೂ ಮೊಬೈಲಲ್ಲಿ ಬರೆದಿಟ್ಕೋತೀನಿ. ಅವನು ಪದ ಹುಡುಕುವಾಗ ನೀವು ತಕ್ಷಣ ಹೇಳಿಬಿಡಬೇಡಿ, ಸ್ವಲ್ಪ ಕಾಯಿರಿ. ಇನ್ನೊಂದು, ಎಡಗಡೆ ಈ ಆಪರೇಷನ್ ಆದ್ರೆ ಕೆಲವರಿಗೆ ಬಲಗಡೆ ನೋಟ ತಪ್ಪುತ್ತೆ, ಬಲಗಡೆ ಮೇಲಿನ ಮೂಲೆ ಕಾಣಿಸುತ್ತಾ ಅಂತ ಕಣ್ಣು ಚೆಕ್ ಮಾಡಿಸಿ. ಅದು ತಪ್ಪಿ ಹೋಗಿದ್ರೆ ಅವನಿಗೇ ಗೊತ್ತಾಗಲ್ಲ. ಡಾಕ್ಟರ್ ಹೂಂ ಅನ್ನೋವರೆಗೂ ಬೈಕ್ ಕೊಡಲೇಬೇಡಿ.

ಧಾರವಾಡದಾಕಿ:
ಅಕ್ಕಾರ, ನಮ್ಮನ್ಯಾಗೂ ಹಿಂಗ ಆಗಿತ್ರಿ. ನಮ್ಮ ಯಜಮಾನ್ರು ಸಣ್ಣವರಿದ್ದಾಗಿಂದ ಫಿಟ್ಸ್ ಇಟ್ಕೊಂಡ ಬೆಳದವರು, ಒಬ್ಬರನ್ನ ಎಲ್ಲೂ ಕಳಸ್ತಿರಲಿಲ್ಲ, ಆಪರೇಷನ್ ಆತು ಅನ್ನೂದ ತಡ ಎಲ್ಲಾರೂ ಈಗ ಆರಾಮ ಆದಿ ದುಡಿ ಅಂದ್ರು. ಅವರಿಗೆ ಹೆಂಗ ಬದುಕಬೇಕು ಅನ್ನೂದ ತಿಳೀಲಿಲ್ರಿ. ಮೊದಲನೇ ಕೆಲವು ತಿಂಗಳು ಮನಸ್ಸು ಕುಗ್ಗೂದು, ಅಂಜಿಕಿ ಬರೂದು ಭಾಳ ಮಂದಿಗೆ ಆಗ್ತದ ಅಂತ ನಮ್ಮ ಡಾಕ್ಟರ ಹೇಳಿದ್ರು, ಮೊದಲ ಅಂಥಾದ್ದು ಇಲ್ದವರಿಗೂ. ಲೆವೆಟಿರಾಸಿಟಮ್ ಅನ್ನೂ ಫಿಟ್ಸಿನ ಮಾತ್ರಿಯಿಂದನೂ ಸಿಟ್ಟು ಬರ್ತದ್ರಿ, ಡಾಕ್ಟರ ಮುಂದ ಹೇಳ್ರಿ, ಅದಕ್ಕ ದಾರಿ ಅದ. ಇದು ಸೊಕ್ಕಲ್ಲ, ನಾಟಕಾನೂ ಅಲ್ಲ. ಸಾಯೂ ಮಾತು ಏನರ ಆಡಿದ್ರ ಅವತ್ತ ದವಾಖಾನಿಗೆ ಕರ್ಕೊಂಡ ಹೋಗ್ರಿ. ಸರ್ಕಾರದ ಮನಸ್ಸಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಹಗಲು ರಾತ್ರಿ ಯಾವಾಗರ ಫೋನ್ ಹಚ್ಚಬಹುದು.

ನ್ಯೂರೋ ವಾರ್ಡ್ ಸಿಸ್ಟರ್:
ಅಪ್ಪನಿಗೆ ಇಷ್ಟು ಹೇಳಿ. 2001ರಲ್ಲಿ ಬಂದ ಕೆನಡಾದ ಅಧ್ಯಯನದಲ್ಲಿ ಇದೇ ಥರದ 80 ಜನರಲ್ಲಿ ಅರ್ಧ ಜನಕ್ಕೆ ಆಪರೇಷನ್ ಅಂತ, ಅರ್ಧ ಜನಕ್ಕೆ ಬರೀ ಮಾತ್ರೆ ಅಂತ ಇಟ್ರು. ಒಂದು ವರ್ಷದಲ್ಲಿ ಎಚ್ಚರ ತಪ್ಪೋ ಫಿಟ್ಸ್ ಬರದೇ ಇದ್ದೋರು ಆಪರೇಷನ್ ಕಡೆ ಶೇಕಡಾ 58, ಮಾತ್ರೆ ಕಡೆ 8. ಆದ್ರೆ ಆಪರೇಷನ್ ಆದೋರೂ ಮಾತ್ರೆ ತಗೋತಾನೇ ಇದ್ರು! ತಾವಾಗೇ ನಿಲ್ಸಿದ್ರೆ ಫಿಟ್ಸ್ ಬಿಡದೇ ಬಂದು ಜೀವಕ್ಕೇ ಅಪಾಯ ಆಗ್ಬಹುದು. ಎಲ್ಲಾ ಸರಿ ಇದ್ರೆ ಡಾಕ್ಟರೇ ಮುಂದೆ ಒಂದೊಂದಾಗಿ ಇಳಿಸ್ತಾರೆ. ಕೆಲಸಕ್ಕೆ ಅವಸರ ಬೇಡ, ಶುರು ಮಾಡುವಾಗ ಅರ್ಧ ದಿನ ಸಾಕು, ನಿದ್ದೆ ಮಾತ್ರ ಕೆಡಬಾರದು. ಜ್ವರ, ಗಾಯದಿಂದ ನೀರು, ವಾಂತಿ ಜೊತೆ ಜೋರು ತಲೆನೋವು ಬಂದ್ರೆ ಅಪಾಯಿಂಟ್‌ಮೆಂಟ್ ಕಾಯದೇ ಹೋಗಿ.

ತುಮಕೂರಕ್ಕ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಲಗಡೆ ಅಲ್ಮೆರಾ ಬಾಗಿಲಿಗೆ ತಲೆ ತಗಲಿಸ್ಕೋತಾನೇ ಇದ್ದ, ಗಮನ ಇಲ್ಲ ಅಂತ ಅಮ್ಮ ಬೈತಿದ್ರು, ಈಗ ಅರ್ಥ ಆಯ್ತು. ನಾಳೆನೇ ಆಸ್ಪತ್ರೆಗೆ ಫೋನ್ ಮಾಡಿ ಕಣ್ಣಿನ ಟೆಸ್ಟು, ಮನಸ್ಸಿನ ಡಾಕ್ಟರು ಎರಡೂ ಕೇಳ್ತೀನಿ. ಸಿಸ್ಟರ್, ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ, ಮಾತ್ರೆ ಡಬ್ಬಿ ಅವರೇ ತಂದು ಕೊಟ್ರು.