ಸಹಾಯ ಬೇಕು: ಲೇಸರ್ ಕಟಿಂಗ್ ಯಂತ್ರ ಕೊಳ್ಳುವುದೋ, ಹೊರಗೆ ಕೊಡುವುದೋ?

ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್. ಹೋಟೆಲ್ ಅಡುಗೆಮನೆಗಳಿಗೆ ಸ್ಟೀಲ್ ಮೇಜು, ಸಿಂಕ್ ಮಾಡಿಕೊಡುತ್ತೇವೆ. ಕಟಿಂಗ್ ಎಲ್ಲ ಹೊರಗಿನ ಜಾಬ್ ವರ್ಕ್. ಹೋದ ವಾರ ಬಂದ 2 ಮಿ.ಮೀ. ತಗಡುಗಳ ಅಂಚು ಕಪ್ಪಾಗಿತ್ತು. ಲೇಸರ್ ಜೊತೆ ಊದುವ ಅನಿಲವಾಗಿ ನೈಟ್ರೋಜನ್ ಬದಲು ಆಮ್ಲಜನಕ ಬಳಸಿ ಕತ್ತರಿಸಿದ್ದರು, ಅದಕ್ಕೇ ಹಾಗಾಯಿತು. ಇಬ್ಬರು ಹುಡುಗರು ಎರಡು ದಿನ ಕೂತು ಉಜ್ಜಿದರು. ಮಾಲು ತಡವಾಗಿ ಗಿರಾಕಿಯ ಮುಂದೆ ತಲೆ ತಗ್ಗಿಸಬೇಕಾಯಿತು.

ಅಂದಿನಿಂದ ಸ್ವಂತ ಫೈಬರ್ ಲೇಸರ್ ಕಟಿಂಗ್ ಯಂತ್ರ ಕೊಳ್ಳುವ ಆಸೆ ಬಲವಾಗಿದೆ. ಆದರೆ ನಮ್ಮ ಕಟಿಂಗ್ ಕೆಲಸ ದಿನಕ್ಕೆ ಎರಡು ಗಂಟೆ ಮೀರುವುದಿಲ್ಲ. ಯಂತ್ರ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಜೊತೆಗೆ ಲೇಸರ್ ತಣ್ಣಗಿಡುವ ಚಿಲ್ಲರ್, ಸ್ಟೆಬಿಲೈಸರ್, ಬೆಸ್ಕಾಂನಿಂದ ಹೆಚ್ಚುವರಿ ವಿದ್ಯುತ್ ಲೋಡ್. ಕೊಂಡವರು ದಯವಿಟ್ಟು ಹೇಳಿ: ಎಷ್ಟು ಗಂಟೆ ಓಡಿಸಿದರೆ ಕಂತು ಗಿಟ್ಟುತ್ತದೆ? 3 ಕಿಲೋವ್ಯಾಟ್ ಯಂತ್ರಕ್ಕೆ ತಿಂಗಳ ನೈಟ್ರೋಜನ್ ಖರ್ಚೆಷ್ಟು? ಅಂಚು ಬೆಳ್ಳಗೆ ಕತ್ತರಿಸಿಕೊಡುವವರು ಹತ್ತಿರದಲ್ಲಿದ್ದರೆ ಅದನ್ನೂ ತಿಳಿಸಿ.