12ರಿಂದ 48 ವೋಲ್ಟ್ ಬೂಸ್ಟ್: ಸಿಮ್ಯುಲೇಶನ್‌ನಲ್ಲಿ ಸರಿ, ಬೋರ್ಡ್‌ನಲ್ಲಿ ಕಿರ್ರ್ ಸದ್ದು

ಬನಶಂಕರಿ_ಬೋರ್ಡ್:
ಎಲ್ಲರಿಗೂ ನಮಸ್ಕಾರ. ಕರೆಂಟ್ ಹೋದಾಗಲೂ ಮನೆಯ ಕ್ಯಾಮೆರಾಗಳು ನಡೆಯಲಿ ಅಂತ 12 ವೋಲ್ಟ್ ಬ್ಯಾಟರಿಯಿಂದ 48 ವೋಲ್ಟ್ ಕೊಡುವ ಬೂಸ್ಟ್ ಕನ್ವರ್ಟರ್ ಮಾಡಿದ್ದೇನೆ. ಕಂಟ್ರೋಲರ್ ಚಿಪ್ ಯುಸಿ3843, ಸ್ವಿಚಿಂಗ್ 100 ಕಿಲೋಹರ್ಟ್ಸ್, ಇಂಡಕ್ಟರ್ 100 ಮೈಕ್ರೋಹೆನ್ರಿ, ಔಟ್‌ಪುಟ್‌ಗೆ 220 ಮೈಕ್ರೋಫ್ಯಾರಡ್. ಕಾಂಪೆನ್ಸೇಶನ್‌ಗೆ (ಔಟ್‌ಪುಟ್ ತೂಗಾಡದಂತೆ ಲೂಪ್ ಹದಗೊಳಿಸಲು) 47 ಕಿಲೋಓಮ್, 22 ನ್ಯಾನೋಫ್ಯಾರಡ್. ಲೂಪ್ ಕ್ರಾಸೋವರ್, ಅಂದರೆ ಔಟ್‌ಪುಟ್ ನೋಡಿ ತಿದ್ದುವ ಲೂಪ್ ಎಷ್ಟು ವೇಗದವರೆಗೆ ಕೆಲಸ ಮಾಡುತ್ತದೆ ಅನ್ನುವುದನ್ನು, 5 ಕಿಲೋಹರ್ಟ್ಸ್ ಇಟ್ಟಿದ್ದೆ. ಎಲ್‌ಟಿಸ್ಪೈಸ್ ಸಿಮ್ಯುಲೇಶನ್‌ನಲ್ಲಿ ಔಟ್‌ಪುಟ್ ಗೆರೆ ಎಳೆದ ಹಾಗೆ ನಿಂತಿತ್ತು.

ಬೋರ್ಡ್‌ನಲ್ಲೂ ಕಾಲು ಆಂಪಿಯರ್‌ವರೆಗೆ ತೊಂದರೆ ಇಲ್ಲ. 1 ಆಂಪಿಯರ್ ಎಳೆದರೆ ಇಂಡಕ್ಟರ್ ಜೀರುಂಡೆಯ ಹಾಗೆ ಕಿರ್ರೆನ್ನುತ್ತದೆ. ಮೀಟರ್ 48 ಅಂತಲೇ ತೋರಿಸುತ್ತದೆ, ಸ್ವಿಚ್ ಆಗಿರುವ ಮಾಸ್ಫೆಟ್ ಮಾತ್ರ ಕೈ ಇಡಲಾಗದಷ್ಟು ಬಿಸಿ. ಎಸ್‌ಪಿ ರೋಡಿಗೆ ಎರಡು ಸಲ ಹೋಗಿ ಇಂಡಕ್ಟರ್ ಬದಲಿಸಿದೆ. ಈಗಿರುವುದು 8 ಆಂಪಿಯರ್ ತಡೆಯುವಂಥದ್ದು. ಸದ್ದು ಹೋಗಿಲ್ಲ.

ಹಳೇ_ಸ್ಕೋಪ್:
ಇಂಡಕ್ಟರ್ ಬಿಡಿ. ಪೀಕ್ ಕರೆಂಟ್ ನಾಲ್ಕೂವರೆ ಆಂಪಿಯರ್ ಸುತ್ತ ಇರಬೇಕು, ನಿಮ್ಮದು ಸಾಕು. ಸ್ಕೋಪ್ ಅನ್ನು ಎಸಿ ಕಪ್ಲಿಂಗ್‌ಗೆ (ಏರಿಳಿತ ಮಾತ್ರ ಕಾಣುವಂತೆ) ಹಾಕಿ ಔಟ್‌ಪುಟ್ ನೋಡಿ. ಅಲೆಯ ಒಂದು ಸುತ್ತಿಗೆ ಎಷ್ಟು ಸಮಯ? 20 ಮೈಕ್ರೋಸೆಕೆಂಡ್ (50 ಕಿಲೋಹರ್ಟ್ಸ್) ಆದರೆ ಸ್ಲೋಪ್ ಕಾಂಪೆನ್ಸೇಶನ್ (ಕರೆಂಟ್ ಸಿಗ್ನಲ್‌ಗೆ ಸೇರಿಸುವ ಇಳಿಜಾರು) ಸಾಲದು ಅಂತ ಅರ್ಥ. ನಿಮ್ಮ ಡ್ಯೂಟಿ, ಅಂದರೆ ಒಂದು ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲು, 75%. ಇಂಡಕ್ಟರ್ ಕರೆಂಟ್ ಮಿತಿ ಮುಟ್ಟಿದಾಗ ಸ್ವಿಚ್ ಆರಿಸುವ ಪೀಕ್ ಕರೆಂಟ್ ಮೋಡ್‌ನಲ್ಲಿ ಅದು 50% ದಾಟಿದರೆ ಸ್ಲೋಪ್ ಬೇಕೇ ಬೇಕು. ಆದರೆ ಆ 50 ಕಿಲೋಹರ್ಟ್ಸ್ ಕಿವಿಗೆ ಕೇಳುವುದಿಲ್ಲ ಅಲ್ವಾ? ಅದಕ್ಕೇ ನನಗೆ ಬೇರೆ ಅನುಮಾನ. ಸಿಮ್ಯುಲೇಶನ್‌ನಲ್ಲಿ ಲೋಡ್ ಎಷ್ಟಿತ್ತು?

ಬನಶಂಕರಿ_ಬೋರ್ಡ್:
ಒಂದು ಸುತ್ತಿಗೆ 110 ಮೈಕ್ರೋಸೆಕೆಂಡ್ ಸರ್. ಸ್ಲೋಪ್ ಕೊಟ್ಟಿದ್ದೇನೆ. ಸಿಮ್ಯುಲೇಶನ್‌ನಲ್ಲಿ ಲೋಡ್ 200 ಓಮ್ (ಸುಮಾರು ಕಾಲು ಆಂಪಿಯರ್), ಅದೊಂದರಲ್ಲೇ ನೋಡಿದ್ದು.

ಹಳೇ_ಸ್ಕೋಪ್:
ಸಿಕ್ಕಿತು. 110 ಅಂದರೆ ಸುಮಾರು 9 ಕಿಲೋಹರ್ಟ್ಸ್, ಅದು ಕಿವಿಗೆ ಕೇಳುತ್ತದೆ. ಇದು ರೈಟ್ ಹಾಫ್ ಪ್ಲೇನ್ ಝೀರೋ, ತಿದ್ದಲು ಹೋದರೆ ಔಟ್‌ಪುಟ್ ಮೊದಲು ಉಲ್ಟಾ ದಿಕ್ಕಿಗೆ ಹೋಗುವ ಗುಣ. ಬೂಸ್ಟ್‌ನಲ್ಲಿ ಸ್ವಿಚ್ ಆನ್ ಇರುವಷ್ಟು ಹೊತ್ತು ಔಟ್‌ಪುಟ್‌ಗೆ ಏನೂ ಹೋಗುವುದಿಲ್ಲ, ಕೆಪಾಸಿಟರ್ ಒಂದೇ ಲೋಡ್ ಹೊರುತ್ತದೆ. ವೋಲ್ಟೇಜ್ ಇಳಿಯಿತು ಅಂತ ಕಂಟ್ರೋಲರ್ ಡ್ಯೂಟಿ ಏರಿಸುತ್ತದೆ. ಆ ಕ್ಷಣಕ್ಕೆ ಡಯೋಡ್ ಇನ್ನೂ ಕಡಿಮೆ ಹೊತ್ತು ಹರಿಸುತ್ತದೆ, ಔಟ್‌ಪುಟ್ ಮೊದಲು ಇನ್ನಷ್ಟು ಇಳಿಯುತ್ತದೆ. ಇಂಡಕ್ಟರ್ ಕರೆಂಟ್ ಬೆಳೆದ ಮೇಲಷ್ಟೇ ಏರುವುದು. ಅಷ್ಟರೊಳಗೆ ಲೂಪ್ ಅವಸರ ಪಟ್ಟರೆ ತೂಗಾಟ ಶುರು. ಕರೆಂಟ್ ಮೋಡ್ ಮಾಡಿದರೂ ಇದು ತಪ್ಪುವುದಿಲ್ಲ.

ಇದು ಕೂರುವ ಫ್ರೀಕ್ವೆನ್ಸಿ: ಲೋಡ್ ರೆಸಿಸ್ಟೆನ್ಸ್ ಗುಣಿಸು (1−D)ಯ ವರ್ಗ, ಭಾಗಿಸು 2πL (D ಡ್ಯೂಟಿ, L ಇಂಡಕ್ಟರ್). 200 ಓಮ್‌ಗೆ ಸುಮಾರು 20 ಕಿಲೋಹರ್ಟ್ಸ್. 1 ಆಂಪಿಯರ್‌ಗೆ, ಅಂದರೆ 48 ಓಮ್‌ಗೆ, ಬರೀ 4.8. ನಿಮ್ಮ ಕ್ರಾಸೋವರ್ ಅದರ ನೆತ್ತಿಯ ಮೇಲೇ ಕೂತಿದೆ. ಬ್ಯಾಟರಿ 10.5ಕ್ಕೆ ಇಳಿದರೆ ಝೀರೋ 3.7ಕ್ಕೆ ಬರುತ್ತದೆ. ಲೆಕ್ಕವನ್ನು ಯಾವಾಗಲೂ ಆ ಮೂಲೆಯಿಂದ ಶುರು ಮಾಡಿ: ಬ್ಯಾಟರಿ ಖಾಲಿ, ಲೋಡ್ ಪೂರ್ತಿ.

ಕಾಂಪೆನ್ಸೇಶನ್‌ನ ರೆಸಿಸ್ಟರ್ 10 ಕಿಲೋಓಮ್, ಕೆಪಾಸಿಟರ್ 100 ನ್ಯಾನೋಫ್ಯಾರಡ್ ಹಾಕಿ. ಕ್ರಾಸೋವರ್ 1 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ. ಲೋಡ್ ತಟ್ಟನೆ ಏರಿದಾಗ ಅರ್ಧ ವೋಲ್ಟ್ ಇಳಿಯಬಹುದು, ನಿಮ್ಮ ಕ್ಯಾಮೆರಾಗಳಿಗೆ ಅದು ಲೆಕ್ಕಕ್ಕಿಲ್ಲ. ಇಂಡಕ್ಟರ್ ಅರ್ಧ ಮಾಡಿದರೂ ಝೀರೋ ದೂರ ಹೋಗುತ್ತದೆ, ಆದರೆ ರಿಪಲ್ (ಇಂಡಕ್ಟರ್ ಕರೆಂಟಿನ ಏರಿಳಿತ) ಎರಡು ಪಟ್ಟು. ಸುಮ್ನೆ ಬೇಡ.

ಬನಶಂಕರಿ_ಬೋರ್ಡ್:
ಸರ್, ಮೊದಲು ಸಿಮ್ಯುಲೇಶನ್‌ನಲ್ಲಿ 48 ಓಮ್ ಹಾಕಿದೆ. ಅದೇ ಅಲೆ ಅಲ್ಲೂ ಬಂತು! ಎರಡು ಬಿಡಿಭಾಗ ಬದಲಿಸಿದ ಮೇಲೆ ಬೋರ್ಡ್‌ನಲ್ಲಿ ಸದ್ದೇ ಇಲ್ಲ. ಕಾಲು ಆಂಪಿಯರ್‌ನಿಂದ 1 ಆಂಪಿಯರ್‌ಗೆ ಒಮ್ಮೆಲೇ ಏರಿಸಿದಾಗ 0.6 ವೋಲ್ಟ್ ಇಳಿದು ಸರಿಹೋಯಿತು. ಬ್ಯಾಟರಿ 10.5 ಆಗುವವರೆಗೂ ಓಡಿಸಿ ನೋಡಿದೆ, ಅಲೆ ಬರಲಿಲ್ಲ. ಮಾಸ್ಫೆಟ್ ಮೇಲೆ ಈಗ ಬೆರಳು ಇಡಬಹುದು. ತುಂಬಾ ಥ್ಯಾಂಕ್ಸ್ ಸರ್.